ಕೋಡಿಗೆ ಕಟ್ಟಿದ ಬಲೆ

ನನ್ನ ಸೋದರತ್ತೆಯ ಬಗ್ಗೆ ಯಾರನ್ನಾದರೂ ಕೇಳಿ ನೋಡಿ, "ಕೆರೆ ಮೀನನ್ನೆಲ್ಲ ಹೊಳೆಗೆ ಬಿಟ್ಟ ಹೆಂಗಸಲ್ವಾ?" ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅರ್ಧ ಊರಿನ ಮಕ್ಕಳ ಮೂಗೊರೆಸಿ, ಚಡ್ಡಿ ಬದಲಿಸಿ, ತುತ್ತು ತಿನ್ನಿಸಿ ಬೆಳೆಸಿದವಳು ಅವಳು. ಅಂಥವಳ ಹೆಸರಿಗೆ ಕೊನೆಗೆ ಅಂಟಿಕೊಂಡಿದ್ದು ಮೀನಿನ ವಾಸನೆ. ಅದಕ್ಕೇ ನಡೆದದ್ದನ್ನು ಬರೆಯುತ್ತಿದ್ದೇನೆ. ಕೋಪದಲ್ಲೇ ಬರೆಯುತ್ತಿದ್ದೇನೆ, ಆಗದವರು ಓದುವುದು ಬೇಡ.

ನನ್ನ ತಾತ ಬಸ್ ಕಂಡಕ್ಟರ್. ಅವರ ಗಂಟಲು ಅತ್ತೆಗೆ ಬಂತು, ನಮ್ಮಪ್ಪನಿಗೆ ಬರಲಿಲ್ಲ. ಆ ಗಂಟಲಿಗೆ ಹೆದರದ ಗಂಡು ಸಿಕ್ಕುವುದು ತಡವಾಯಿತು. ಸಿಕ್ಕಿದ ಮಾವ ನೀರೆತ್ತುವ ಪಂಪು ರಿಪೇರಿ ಮಾಡುತ್ತಿದ್ದರು. ದಿನವಿಡೀ ಮೋಟಾರಿನ ಸದ್ದಿನಲ್ಲೇ ಇದ್ದವರಿಗೆ ಹೆಂಡತಿಯ ದನಿ ಹಿತವಾಗಿಯೇ ಕೇಳಿಸಿರಬೇಕು.

ಮಾವನಿಗೆ ಒಂದು ಸ್ನೇಹಿತರ ಗುಂಪಿತ್ತು. ಹಲ್ಲಿನ ಡಾಕ್ಟರು, ಟೈಲ್ಸ್ ಅಂಗಡಿಯವರು, ಬ್ಯಾಂಕ್ ಮ್ಯಾನೇಜರು, ಇನ್ನೂ ಕೆಲವರು. ಎಲ್ಲರೂ ಸೇರಿ ಊರಾಚೆಯ ಹಳ್ಳದ ಜಾಗವೊಂದನ್ನು ಕೊಂಡರು. ಬಾಡಿಗೆ ಯಂತ್ರ ತರಿಸಿ ಅಡ್ಡಕ್ಕೆ ಮಣ್ಣಿನ ಏರಿ ಹಾಕಿ ಕೆರೆ ಮಾಡಿಕೊಂಡರು. ಬೆಳೆಗೂ ಅಲ್ಲ, ಕುಡಿಯುವ ನೀರಿಗೂ ಅಲ್ಲ. ಭಾನುವಾರ ದೋಣಿ ನಡೆಸಲು, ಗಾಳ ಹಾಕಿ ಕೂರಲು. ಬೇಲಿ, ಗೇಟು, ಬೀಗ ಎಲ್ಲ ಆಯಿತು, ಸಂಘ ಎಂದು ಹೆಸರೂ ಇಟ್ಟಾಯಿತು. ಉಳಿದ ಜಾಗ ಹಂಚಿಕೊಂಡಾಗ ಏರಿಯ ಕೆಳಗಿನ ತುಂಡು ಮಾವನ ಪಾಲಿಗೆ ಬಂತು. ತಂಪಾದ ಜಾಗ ಎಂದು ಖುಷಿಪಟ್ಟು ಅಲ್ಲೇ ಮನೆ ಕಟ್ಟಿಸಿದರು. ಆ ಮನೆಯ ಹಿಂದಿನ ಕಿಟಕಿಯಲ್ಲಿ ಆಕಾಶ ಕಾಣುವುದಿಲ್ಲ. ಚೌಕಟ್ಟಿನ ತುಂಬ ಏರಿಯ ಹುಲ್ಲೇ ಕಾಣುತ್ತದೆ.

ಅವರಿಗೆ ಮಕ್ಕಳಾಗಲಿಲ್ಲ. ಅತ್ತೆ ಮನೆಯಲ್ಲೇ ಶಿಶುವಿಹಾರ ತೆರೆದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಸಾಲಾಗಿ ಮಲಗಿಸುತ್ತಿದ್ದಳು. ಊರಿಗೆಲ್ಲ ಕೇಳಿಸುವ ಗಂಟಲು ಆ ಹೊತ್ತಿನಲ್ಲಿ ಮಾತ್ರ ಎಲ್ಲಿ ಅಡಗುತ್ತಿತ್ತೋ ಕಾಣೆ. ಕಿಟಕಿಯಾಚೆಯ ಏರಿಯನ್ನು ಮಕ್ಕಳು ಗುಡ್ಡ ಎನ್ನುತ್ತಿದ್ದವು. ಗುಡ್ಡದ ಆ ಕಡೆ ನೀರು ನಿಂತಿದೆ ಎಂದು ಅವಕ್ಕೆ ಹೇಳಿದವರಿಲ್ಲ.

ಮಾವ ಇರುವವರೆಗೆ ಏರಿಗೆ ದಿಕ್ಕಿತ್ತು. ಉಳಿದವರು ದೋಣಿ ಹತ್ತಿದರೆ ಅವರು ಕುಡುಗೋಲು ಹಿಡಿದು ಏರಿಯ ಉದ್ದಕ್ಕೂ ನಡೆಯುತ್ತಿದ್ದರು. ಹುಲ್ಲು ಸವರಿ, ಎದ್ದ ಸಸಿಗಳನ್ನು ಬೇರು ಸಮೇತ ಕಿತ್ತು, ಹೆಗ್ಗಣದ ಬಿಲಗಳಿಗೆ ಮಣ್ಣು ಜಡಿದು, ಕೋಡಿಯಲ್ಲಿ ಸಿಕ್ಕಿದ ಕಸ ತೆಗೆಯುತ್ತಿದ್ದರು. ಕೆರೆ ತುಂಬಿದರೆ ಹೆಚ್ಚಿನ ನೀರು ಮನೆಯ ಕಡೆ ಬರದೆ ಪಕ್ಕದ ಹೊಳೆಗೆ ಹೋಗಲು ಆ ಕೋಡಿಯೊಂದೇ ದಾರಿ. ಸ್ನೇಹಿತರು "ಏರಿಗೆ ಕ್ಷೌರ ಆಯ್ತಾ?" ಎಂದು ನಗುತ್ತಿದ್ದರು. ಮಾವ ತೀರಿಕೊಂಡ ಮೇಲೆ ಕೆರೆಯ ಪಾಲು ಅತ್ತೆಗೆ ಬಂತು, ಕುಡುಗೋಲು ಯಾರ ಕೈಗೂ ಬರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕಟ್ಟುವುದಿರಲಿ, ಇದ್ದದ್ದನ್ನೂ ಕೆಡಿಸಿದರು. ನೆರಳಿಗೆಂದು ಏರಿಯ ಮೇಲೆ ಮರ ನೆಟ್ಟರು. ಡಾಕ್ಟರು ಎಲ್ಲಿಂದಲೋ ದೊಡ್ಡ ಜಾತಿಯ ಮೀನುಮರಿ ತರಿಸಿ ಬಿಟ್ಟರು. ಮಳೆಗಾಲದಲ್ಲಿ ಅವು ಕೋಡಿಯ ನೀರಿನ ಜೊತೆ ಹೊರಟೇಹೋಗುತ್ತವೆ ಎಂದು ಟೈಲ್ಸ್ ಅಂಗಡಿಯವರು ಕೋಡಿಗೆ ತಂತಿಬಲೆ ಕಟ್ಟಿಸಿದರು. ನೀರು ಹೋಗಲಿ, ಮೀನು ಉಳಿಯಲಿ ಎಂಬ ಬುದ್ಧಿವಂತಿಕೆ. ಜಾಲರಿಗೆ ಸೊಪ್ಪು ಕಟ್ಟಿಕೊಂಡರೆ ಟೀ ಇಳಿಯುವುದಿಲ್ಲ ಎಂಬುದು ಟೀ ಸೋಸಿದವರಿಗೆಲ್ಲ ಗೊತ್ತು. ಇವರು ತಮ್ಮ ಮನೆಯಲ್ಲಿ ಒಂದು ದಿನವೂ ಟೀ ಸೋಸಿದವರಲ್ಲ.

ಒಮ್ಮೆ ನೀರಾವರಿ ಇಲಾಖೆಯ ಎಂಜಿನಿಯರ್ ಹೆಣ್ಣುಮಗಳು ತಪಾಸಣೆಗೆ ಬಂದಳು. ಏರಿಯ ಮೇಲೆ ನಡೆದು ನೋಡಿ, ಮರ ತೆಗೆಸಿ, ಬಿಲ ಮುಚ್ಚಿಸಿ, ಎಲ್ಲಕ್ಕಿಂತ ಮೊದಲು ಈ ಬಲೆ ಬಿಚ್ಚಿಸಿ ಎಂದಳು.

"ನೀರು ಏರಿ ಹತ್ತಿ ಆ ಕಡೆ ಇಳಿಯೋಕೆ ಶುರುವಾದ್ರೆ ಮಣ್ಣು ಕೊರ್ಕೊಂಡು ಹೋಗುತ್ತೆ. ಆಮೇಲೆ ಯಾರಿಂದಲೂ ತಡೆಯೋಕಾಗಲ್ಲ," ಎಂದವಳು, ಕೆಳಗೆ ಹಗ್ಗದ ಮೇಲೆ ಒಣಗುತ್ತಿದ್ದ ಪುಟ್ಟಪುಟ್ಟ ಬಟ್ಟೆಗಳನ್ನು ನೋಡಿ ಕೇಳಿದಳು. "ಅದು ಯಾರ ಮನೆ?"

"ನಮ್ಮ ಸಂಘದವರದ್ದೇ," ಎಂದರು ಡಾಕ್ಟರು, ಅಲ್ಲಿಗೆ ಆ ಪ್ರಶ್ನೆ ಮುಗಿಯಿತು ಎನ್ನುವ ಹಾಗೆ. ಅವಳನ್ನು ದೋಣಿಯಲ್ಲಿ ಒಂದು ಸುತ್ತು ಸುತ್ತಿಸಿ ಕಳಿಸಿಕೊಟ್ಟರು. ಅವಳು ಹೇಳಿದ್ದರಲ್ಲಿ ಒಂದನ್ನೂ ಮಾಡಲಿಲ್ಲ. ಅಂದಿನಿಂದ ಅತ್ತೆ ಪ್ರತಿ ಸಭೆಯಲ್ಲೂ ಬಲೆ ಬಿಚ್ಚಿಸಿ ಎಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮರುವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿ ನನ್ನನ್ನು ಕರೆಸಿಕೊಂಡಳು. ನಾವು ಏರಿ ಹತ್ತಿ ನೋಡಿದರೆ ಬಲೆಗೆ ಎಲೆ, ಪಾಚಿ, ಪ್ಲಾಸ್ಟಿಕ್ ಬಾಟಲಿ ಎಲ್ಲ ಕಟ್ಟಿಕೊಂಡು ಗೋಡೆಯೇ ಎದ್ದಿತ್ತು. ಕೋಡಿಯಲ್ಲಿ ಹರಿಯಬೇಕಾದ ನೀರು ಏರಿಯ ತಲೆಗೆ ಗೇಣು ದೂರದಲ್ಲಿ ನಿಂತಿತ್ತು. ಈ ದಿನ ಮಕ್ಕಳನ್ನು ಕರೆತರಬೇಡಿ ಎಂದು ತಾಯಂದಿರಿಗೆಲ್ಲ ಹೇಳಿ, ಅತ್ತೆ ಡಾಕ್ಟರಿಗೆ ಫೋನ್ ಮಾಡಿದಳು.

"ಪೇಷಂಟ್ ಕೂತಿದ್ದಾರಮ್ಮ, ಸಂಜೆ ನೋಡೋಣ. ಏರಿ ಗಟ್ಟಿಯಾಗಿದೆ, ಏನೂ ಆಗಲ್ಲ," ಎಂದರು. ಟೈಲ್ಸ್ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ. "ಬಲೆ ಮಾತ್ರ ಮುಟ್ಟಬೇಡಿ, ಮೀನು ಹೋಗ್ಬಿಡುತ್ತೆ."

ಅತ್ತೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು ಹೋಗಿ ಮಾವನ ಪೆಟ್ಟಿಗೆಯಿಂದ ತಂತಿ ಕತ್ತರಿಸುವ ಇಕ್ಕಳ ತಂದಳು. ಅವಳಿಗೆ ಈಜು ಬರುವುದಿಲ್ಲ. ಕೆರೆಯಲ್ಲಿ ಪಾಲಿದ್ದರೂ ತಲೆ ಸುತ್ತುತ್ತದೆ ಎಂದು ಒಮ್ಮೆಯೂ ದೋಣಿ ಹತ್ತಿದವಳಲ್ಲ. ಅವಳ ಸೊಂಟಕ್ಕೆ ಹಗ್ಗ ಕಟ್ಟಿ ನಾನು ಹಿಡಿದುಕೊಂಡೆ. ಕೋಡಿಯ ಪಕ್ಕದ ಕಲ್ಲುಗೋಡೆಯ ಮೇಲೆ ಬೋರಲಾಗಿ ಮಲಗಿ, ಕೈ ಚಾಚಿ, ಬಾಯಿಗೆ ಬಂದ ಹಾಗೆ ಬೈಯುತ್ತ ಒಂದೊಂದೇ ತಂತಿ ಕತ್ತರಿಸಿದಳು. ಬಲೆಯ ಒಂದು ಮೂಲೆ ಬಿಟ್ಟುಕೊಂಡಿತು, ಉಳಿದದ್ದನ್ನು ನೀರೇ ಕಿತ್ತೊಯ್ದಿತು. ಡಾಕ್ಟರ ಮೀನುಗಳೂ ಹೊರಟವು. ಮಧ್ಯಾಹ್ನದ ಹೊತ್ತಿಗೆ ಕೆರೆ ಒಂದು ಮೊಳ ಇಳಿಯಿತು.

ನೆಟ್ಟಗಿದ್ದವರಾದರೆ ಅವತ್ತು ಬಂದು ಅವಳ ಕಾಲಿಗೆ ಬೀಳಬೇಕಿತ್ತು. ಇವರು ಸಭೆ ಕರೆದು ಅವಳನ್ನು ನಿಲ್ಲಿಸಿ ಕೇಳಿದರು.

"ಏರಿಗೆ ಏನೂ ಆಗಲಿಲ್ವಲ್ಲ. ಮತ್ತೆ ಬಲೆ ಯಾಕೆ ಕತ್ತರಿಸಿದ್ರಿ?" ಎಂದರು ಡಾಕ್ಟರು.

"ಕತ್ತರಿಸಿದ್ದಕ್ಕೇ ಏನೂ ಆಗಲಿಲ್ಲ."

"ಅದಕ್ಕೆ ಸಾಕ್ಷಿ ಏನಿದೆ?" ಎಂದರು ಬ್ಯಾಂಕ್ ಮ್ಯಾನೇಜರು. "ನಿಮ್ಮ ಶಿಶುವಿಹಾರ ಉಳಿಸ್ಕೊಳ್ಳೋಕೆ ಸಂಘದ ಸೊತ್ತು ಹಾಳು ಮಾಡಿದ್ರೆ ಹೇಗಮ್ಮ? ಅಷ್ಟು ಹೆದರಿಕೆ ಇದ್ರೆ ಬೇರೆ ಕಡೆ ಮನೆ ಮಾಡಿ."

ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಕೆಸರಿನಲ್ಲಿ ಹೂತ ಚಾಪೆಗಳನ್ನು ತೋರಿಸಿದ್ದರೆ ಇವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಇವರು ಕೊಳ್ಳೆಗೆ ಮೊದಲೇ ಬಾಗಿಲು ಹಾಕಿದವಳನ್ನೇ ಕಳ್ಳಿ ಎಂದರು. ಕೋಡಿಗೆ ಈ ಸಲ ಬೋಲ್ಟ್ ಹಾಕಿ ಬಿಗಿದ ಕಬ್ಬಿಣದ ಬಲೆ ಬಂತು. ಗೇಟಿಗೂ ಹೊಸ ಬೀಗ, ಅದರ ಕೀಲಿ ಡಾಕ್ಟರ ಜೇಬಿಗೆ. ಅತ್ತೆ ಇಲಾಖೆಗೆ ಹೋಗಿ ದೂರು ಕೊಟ್ಟಳು. ನೋಟಿಸ್ ಕಳಿಸುತ್ತೇವೆ ಎಂದರು. ಅದು ಇನ್ನೂ ಬರುತ್ತಲೇ ಇದೆ.

ಸಂಘದ ವಾರ್ಷಿಕ ಸಭೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಆ ವರ್ಷದ ಸರದಿ ಅತ್ತೆಯದು. ಮಕ್ಕಳು ಮಲಗುವ ಹೊತ್ತಿಗೇ ಎಲ್ಲರನ್ನೂ ಕರೆದಳು. ಕುರ್ಚಿಗಳನ್ನು ಹಿಂದಿನ ಕೋಣೆಯಲ್ಲೇ ಹಾಕಿಸಿದಳು, ಮಲಗಿದ ಮಕ್ಕಳ ಸಾಲಿನ ಪಕ್ಕದಲ್ಲಿ, ಕಿಟಕಿಗೆ ಎದುರಾಗಿ. ಎಲ್ಲರೂ ಪಿಸುದನಿಯಲ್ಲಿ ಮಾತಾಡಬೇಕಾಯಿತು. ಬೆಳಗಿನಿಂದ ಜಿನುಗುತ್ತಿದ್ದ ಮಳೆ, ದೋಣಿಗೆ ಬಣ್ಣ ಹೊಡೆಸುವ ಮಾತು ಮುಗಿಯುವಷ್ಟರಲ್ಲಿ ಜೋರಾಯಿತು. ಕೋಣೆ ಕತ್ತಲಾಯಿತು. ಬ್ಯಾಂಕ್ ಮ್ಯಾನೇಜರು ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ಆ ಏರಿಯನ್ನು ಅವರು ಈವರೆಗೆ ನೋಡಿದ್ದು ದೋಣಿಯಿಂದ. ಈ ಕಡೆಯಿಂದ ಅದು ಎಷ್ಟು ಎತ್ತರ ಎಂದು ಅವರಿಗೆ ಗೊತ್ತಾದದ್ದು ಆಗಲೇ ಇರಬೇಕು.

"ಕಾರು ಸ್ವಲ್ಪ ಮೇಲೆ ನಿಲ್ಲಿಸಿ ಬರ್ತೀನಿ," ಎಂದು ಟೈಲ್ಸ್ ಅಂಗಡಿಯವರು ಎದ್ದರು. ಅವರು ವಾಪಸ್ ಬರಲಿಲ್ಲ. ಇನ್ನಿಬ್ಬರು ಚಪ್ಪಲಿ ಹುಡುಕಿದರು.

"ಉಳಿದದ್ದು ಇನ್ನೊಂದು ದಿನ ನಮ್ಮನೇಲಿ ಮಾತಾಡೋಣ," ಎಂದು ಡಾಕ್ಟರೂ ಎದ್ದರು.

"ಕೂತ್ಕೊಳ್ಳಿ ಡಾಕ್ಟ್ರೇ," ಎಂದಳು ಅತ್ತೆ, ಮಕ್ಕಳಿಗೆ ಎಚ್ಚರವಾಗದಷ್ಟು ಮೆತ್ತಗೆ. "ಏರಿ ಗಟ್ಟಿಯಾಗಿದೆ ಅಂತ ನೀವೇ ಹೇಳಿದ್ರಲ್ಲ."

"ಗಟ್ಟಿಯಾಗೇ ಇದೆಯಮ್ಮ. ಆದ್ರೂ ಮಳೆ ನೋಡಿ."

"ನೋಡ್ತಾ ಇದ್ದೀನಿ. ನೀವೇನೋ ಕಾರು ಹತ್ತಿ ಹೋಗ್ತೀರಿ. ಈ ಮಕ್ಕಳನ್ನ ಎಲ್ಲಿಗೆ ಕಳಿಸ್ಲಿ, ಅದೊಂದು ಹೇಳಿ ಹೋಗಿ."

ಡಾಕ್ಟರು ಚಾಪೆಯ ಕಡೆ ನೋಡಿದರು. ಜೇಬಿನಿಂದ ಗೇಟಿನ ಕೀಲಿ ತೆಗೆದು ಅವಳ ಕಡೆ ಚಾಚಿದರು. ಅತ್ತೆ ಕೈ ನೀಡಲಿಲ್ಲ.

"ಕೀಲಿ ನನಗೆ ಬೇಡ. ಬಿಗಿದವರು ನೀವು, ನೀವೇ ಬಿಚ್ಚಿ. ಸ್ಪ್ಯಾನರ್ ಬಾಗಿಲ ಹತ್ರ ಇಟ್ಟಿದ್ದೀನಿ."

ಊರಿನ ಅರ್ಧ ಜನರ ಹಲ್ಲು ಕಿತ್ತ ಡಾಕ್ಟರು ಆ ಮಳೆಯಲ್ಲಿ ಏರಿ ಹತ್ತಿ, ಬ್ಯಾಂಕ್ ಮ್ಯಾನೇಜರಿಗೆ ಕೊಡೆ ಹಿಡಿಸಿಕೊಂಡು, ತಮ್ಮ ಬಲೆಯ ಬೋಲ್ಟುಗಳನ್ನು ತಾವೇ ಬಿಚ್ಚಿದರು. ಅತ್ತೆಗೆ ಒಂದು ಒಳ್ಳೆಯ ಮಾತು ಮಾತ್ರ ಇವತ್ತಿನವರೆಗೂ ಅವರ ಬಾಯಿಂದ ಬಂದಿಲ್ಲ. ಅರ್ಧ ಗಂಟೆ ಕೂರಲು ತಮಗೆ ಧೈರ್ಯವಿಲ್ಲದ ಕಡೆ ಅವರು ಮಕ್ಕಳನ್ನು ವರ್ಷಗಟ್ಟಲೆ ಮಲಗಲು ಬಿಟ್ಟಿದ್ದರು. ಈಗ ಬಲೆ ಯಾಕೆ ತೆಗೆಸಿದಿರಿ ಎಂದು ಯಾರಾದರೂ ಕೇಳಿದರೆ, ತುಕ್ಕು ಹಿಡಿದಿತ್ತು ಎನ್ನುತ್ತಾರೆ. ಹಾಕಿ ಎರಡು ತಿಂಗಳೂ ಆಗಿರಲಿಲ್ಲ.