ನೀಲಗಂಗಾ ಆಂಟಿಯ ಬಿಪಿ ಪಟ್ಟಿ

ಅಮೆರಿಕದ ಹಿಲ್ಸ್‌ಬರೋದ ನೀಲಗಂಗಾ ಆಂಟಿಗೆ ಐವತ್ತರ ಹತ್ತಿರ ಓದು ಮೈಮೇಲೆ ಬಂದಿದೆ. ಕೌಂಟಿ ಕಾಲೇಜಿನಲ್ಲಿ ಎರಡು ವರ್ಷ ಸಮುದಾಯ ಆರೋಗ್ಯ ಕಲಿತು ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಬೇಕು. ಅಲ್ಲಿಯವರೆಗೆ ಊರಿನ ಕನ್ನಡಿಗರೇ ಅವರ ಪ್ರಯೋಗಶಾಲೆ. ಎರಡು ಸಾವಿರದ ಇಸವಿ ಹೊತ್ತಿಗೆ ವೈಟೂಕೆ ಕಂಪ್ಯೂಟರ್ ಕೆಲಸಕ್ಕೆ ಬಂದು ಹೊಟ್ಟೆ ಬೆಳೆಸಿದ ಗಂಡಸರ ತಟ್ಟೆಯಿಂದ ಹಪ್ಪಳ ಎತ್ತಿ, "ಸೋಡಿಯಂ ರೀ, ಸೋಡಿಯಂ!" ಎಂದು ಗದರಿಸಿ, ಅನ್ನ ಚೆಲ್ಲಬಾರದೆಂದು ಅದನ್ನು ತಾವೇ ತಿನ್ನುತ್ತಾರೆ. ಅರಿಶಿನ-ಕುಂಕುಮಕ್ಕೆ ಕರೆದರೆ ಚೀಲದಲ್ಲಿ ಬಿಪಿ ಯಂತ್ರ ಹಾಜರು. ಮುತ್ತೈದೆಯರೆಲ್ಲ ಕುಂಕುಮ ಇಟ್ಟುಕೊಂಡು, ಬಳೆ ಸರಿಸಿ, ಸಾಲಾಗಿ ತೋಳು ಚಾಚಬೇಕು. ಆದರೆ ಪಟ್ಟಿ ಮೊದಲು ಸುತ್ತುವುದು ಅವರಿಗಲ್ಲ. ಗಂಡನಿಲ್ಲದವಳೆಂದು ಅಡುಗೆಮನೆಯಲ್ಲೇ ಉಳಿದ ತಾಯಿಯೋ ಅತ್ತೆಯೋ ಒಬ್ಬರು ಇದ್ದೇ ಇರುತ್ತಾರೆ, ಆಂಟಿ ಅವರನ್ನು ಕೈಹಿಡಿದು ಕರೆತಂದು ಸೋಫಾದ ನಡುವೆ ಕೂರಿಸುತ್ತಾರೆ: "ಬರ್ರೀ ಯವ್ವಾ, ಈ ಪಟ್ಟಿ ಯಾರಿಗೂ ಬ್ಯಾಡ ಅನ್ನಂಗಿಲ್ಲ."