ಕಾಸರಕದ ಗುಳಿಗೆ

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನ್ಯಾಮತಿಯ ಗರಡಿಯಲ್ಲಿ ನಾನೂ ನನ್ನ ತಮ್ಮನೂ ಜಗಳೂರಿನ ಕುಸ್ತಿಗಾಗಿ ಸಾಮು ಮಾಡುತ್ತಿದ್ದೆವು. ನನಗೆ ಇಪ್ಪತ್ತೆರಡು, ಅವನಿಗೆ ಇಪ್ಪತ್ತು. ನಮಗೆ ಕಲಿಸುತ್ತಿದ್ದ ಉಸ್ತಾದರು ದಮ್ಮು ಹೆಚ್ಚಲೆಂದು ಕಾಸರಕದ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಅರೆದು, ಗುಳಿಗೆ ಕಟ್ಟಿ ದಿನ ಬಿಟ್ಟು ದಿನ ಒಂದೊಂದು ಕೊಡುತ್ತಿದ್ದರು. ಕಾಸರಕ ವಿಷ, ನಮ್ಮ ಕಡೆ ಕುರಿಗಳೂ ಅದರ ಎಲೆಗೆ ಬಾಯಿ ಹಾಕುವುದಿಲ್ಲ.

"ಗುಳಿಗೆ ತಿಂದ ದಿನ ಹತ್ತು ದಂಡ ಕಮ್ಮಿ ಹೊಡೀರಿ. ಅವತ್ತು ಸುಸ್ತು ಗೊತ್ತಾಗಲ್ಲ. ಇಲ್ಲ ಅಂತಲ್ಲ, ಒಳಗೆ ಐತೆ," ಎನ್ನುತ್ತಿದ್ದರು.

ನಾನು ಹಾಗಲಕಾಯಿ ಪಲ್ಯವನ್ನೂ ಮುಟ್ಟದ ಶೂರ. ಮೂರನೆಯ ಸಲಕ್ಕೇ ಆ ಕಹಿ ಸಾಕಾಗಿ, ಗುಳಿಗೆಯನ್ನು ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಎಸೆಯಲು ಹೊರಟೆ. ತಮ್ಮ ನೋಡಿದ.

"ಸುಮ್ನೆ ಯಾಕೆ ಎಸೀತೀಯಣ್ಣ? ನಂಗೆ ಕೊಡು."

ಕೊಟ್ಟೆ. ಅಂದಿನಿಂದ ನನ್ನ ಪಾಲೂ ಅವನಿಗೇ ಹೋಯಿತು.

ಅವನ ದಮ್ಮು ಏರಿತು. ಎಲ್ಲರೂ ಕೂತ ಮೇಲೂ ದಂಡ ಹೊಡೆಯುತ್ತಿದ್ದ. ಉಸ್ತಾದರು ಹಿಗ್ಗಿ, "ಇವನ ಮೈಗೆ ಔಷಧ ಹಿಡಿಸೈತೆ. ಇನ್ಮೇಲೆ ಇವನಿಗೆ ಎರಡು," ಎಂದರು. ನನ್ನದೂ ಸೇರಿದರೆ ಮೂರಾಗುತ್ತದೆ ಎಂದು ನನಗೆ ಆಗಲೇ ಹೊಳೆಯಿತು. ಹೇಳಿದರೆ ಗರಡಿಯವರೆಲ್ಲ ಆಡಿಕೊಳ್ಳುತ್ತಾರೆಂದು ಬಾಯಿ ಬಿಡಲಿಲ್ಲ. ಮುಂದಿನ ಸಲ ಅವನು ಕೈ ಚಾಚಿದಾಗ ಬೇಡ ಅನ್ನಬಹುದಿತ್ತು. ಕೊಟ್ಟೆ.

ಅವತ್ತು ಸಾಮು ಮುಗಿಯುವ ಮೊದಲೇ ಅವನ ದವಡೆ ಕಚ್ಚಿಕೊಂಡಿತು. ಬೆನ್ನು ಹಿಂದಕ್ಕೆ ಸೆಟೆದು ನೆಲ ಬಿಟ್ಟಿತು. ಗಾಡಿಯಲ್ಲಿ ಮಲಗಿಸಿಕೊಂಡು ಹೊನ್ನಾಳಿಯ ಆಸ್ಪತ್ರೆಗೆ ಹೊರಟೆವು. ಗಾಡಿ ಕುಲುಕಿದಾಗಲೆಲ್ಲ ಮತ್ತೆ ಸೆಟೆಯುತ್ತಿದ್ದ. ಅರ್ಧ ದಾರಿಯಾದ ಮೇಲೆ ಕುಲುಕಿದರೂ ಸೆಟೆಯಲಿಲ್ಲ. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಗಾಡಿ ಎಲ್ಲಿ ತಿರುಗಿಸಲಿ ಎಂದು ಹೊಡೆಯುವವನು ಕೇಳಿದ. ರಸ್ತೆ ಅಗಲವಿದ್ದ ಜಾಗ ತೋರಿಸಿದೆ.

ಉಸ್ತಾದರು ಅವ್ವನ ಮುಂದೆ ಕುಕ್ಕರಿಸಿ ಕೂತರು.

"ತಪ್ಪು ನಂದೇ ಕಣವ್ವ. ಎರಡು ಕೊಟ್ಟೆ." ಆಮೇಲೆ ನನ್ನ ಕಡೆ ತಿರುಗಿ, "ಎರಡಕ್ಕೆ ಹಿಂಗಾಗಬಾರದು. ನಿಂದು ನೀನೇ ತಿಂದ್ಯಲ್ಲ?" ಎಂದರು.

"ತಿಂದೆ," ಎಂದೆ.

ಅವರು ತಲೆಯಾಡಿಸಿದರು. ವಾರದೊಳಗೆ ಗರಡಿಗೆ ಬೀಗ ಹಾಕಿ ಚನ್ನಗಿರಿಯ ಮಗಳ ಮನೆಗೆ ಹೋದರು. ಮತ್ತೆ ಯಾರಿಗೂ ಕಲಿಸಲಿಲ್ಲವಂತೆ. ಅವ್ವ ಬದುಕಿರುವ ತನಕ, ನನಗೆ ಬಡಿಸುವಾಗಲೆಲ್ಲ, ಆ ಮನುಷ್ಯನಿಗೆ ಶಾಪ ಹಾಕುತ್ತಿದ್ದಳು. ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ.