ಜಿಜಾಬಾಯಿಯ ಪಾಲಿನ ಗೋಧಿ

ಡಾಬಕಾದ ಜಿಜಾಬಾಯಿ ೧೯೭೩ರಲ್ಲಿ ಅತ್ತೆಯ ಬಲಗೈ ಮುರಿದಳು. ಕಲ್ಲೊಡೆಯುವ ಸುತ್ತಿಗೆಯಿಂದ ಎರಡು ಏಟು. ಮೂರನೆಯದು ತಲೆಗೆ ಬೀಳುವುದರಲ್ಲಿತ್ತು. ಗಂಡ ಪಂಢರಿ ಅವಳನ್ನು ಜಲ್ಲಿಯ ಮೇಲೆ ಕೆಡವಿದ. ಅವಳ ಎರಡು ಹಲ್ಲು ಹೋದವು.

ಬರದಿಂದ ಊರು ಬಿಟ್ಟ ಮೂವರೂ ಭಾಲ್ಕಿ ಹತ್ತಿರ ರಸ್ತೆ ಕೆಲಸಕ್ಕೆ ಬಂದಿದ್ದರು. ಕೂಲಿಯ ಜೊತೆ ಗೋಧಿ ಸಿಗುತ್ತಿತ್ತು. ಜೋಳ ತಿಂದು ಬೆಳೆದ ಜಿಜಾಬಾಯಿಗೆ ಅಲ್ಲಿ ಭೇದಿ ಹತ್ತಿತು, ಕೈಕಾಲು ಕಡ್ಡಿಯಾಗಿ ಹೊಟ್ಟೆ ಉಬ್ಬಿತು. ಅಷ್ಟೂರಿನ ತವರಿನಲ್ಲಿ ಒಂದು ತಿಂಗಳಿದ್ದು ಚೇತರಿಸಿಕೊಂಡಳು. ಮರಳಿದ ವಾರಕ್ಕೇ ಮತ್ತೆ ನೆಲ ಹಿಡಿದಳು.

ಗುಡಿಸಲಿನಲ್ಲಿ ಎರಡು ಡಬ್ಬಿಗಳಿದ್ದವು. ಒಂದರ ಹಿಟ್ಟಿನಿಂದ ಅತ್ತೆ ಕೇಶರಬಾಯಿ ತನಗೂ ಮಗನಿಗೂ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಂದರದು ಸೊಸೆಗೊಬ್ಬಳಿಗೇ.

“ನಂದು ಯಾಕ ಬ್ಯಾರೆ ಅತ್ತಿ? ಇವತ್ತ ಅದನ್ನ ನೀವ ತಿನ್ರಿ.”

“ಮೈಯಾಗ ರಕ್ತಿಲ್ಲ, ನಖರಾ ಮಾತ್ರ ಸೇರಗಟ್ಲೆ. ಸುಮ್ನ ತಿನ್ನು.”

ತನ್ನ ಹಿಟ್ಟಿಗೆ ಅತ್ತೆ ವಿಷ ಬೆರೆಸುತ್ತಾಳೆಂದು ನಂಬಿದ್ದ ಜಿಜಾಬಾಯಿ ಸುತ್ತಿಗೆ ಎತ್ತಿಕೊಂಡಳು.

ಇಬ್ಬರನ್ನೂ ಒಂದೇ ಲಾರಿಯಲ್ಲಿ ಬೀದರಿಗೆ, ನಾನು ವೈದ್ಯೆಯಾಗಿದ್ದ ಆಸ್ಪತ್ರೆಗೆ ತಂದರು. ಅತ್ತೆಯ ಎಲುಬು ಚರ್ಮ ಸೀಳಿ ಹೊರಬಂದಿತ್ತು. ಸೊಸೆಯಲ್ಲಿ ವಿಷದ ಲಕ್ಷಣವಿರಲಿಲ್ಲ. ನಿತ್ರಾಣವೆಂದು ನಾನು ಬ್ರೆಡ್ಡು, ಗೋಧಿ ಗಂಜಿ ಬರೆದೆ. ಐದನೆಯ ದಿನ ಅವಳು ಸಾಯುವಂತಾದಳು.

“ಅತ್ತಿ ಇಲ್ಲೂ ವಿಷ ಹಾಕಸ್ಯಾಳ್ರಿ ಬಾಯಿ.”

ಅತ್ತೆ ಇನ್ನೊಂದು ವಾರ್ಡಿನಲ್ಲಿ ಎದ್ದು ಕೂರಲಾರದೆ ಬಿದ್ದಿದ್ದಳು. ಗುಡಿಸಲಿಗೂ ಆಸ್ಪತ್ರೆಗೂ ಸಮಾನವಾಗಿದ್ದುದು ಗೋಧಿಯೊಂದೇ. ಜಿಜಾಬಾಯಿಯನ್ನು ಕೇಳಿದಾಗ, ಹಬ್ಬದ ಗೋಧಿ ಹೋಳಿಗೆಯೂ ಹುಡುಗಿಯಾಗಿದ್ದಾಗಿನಿಂದ ಆಗಿಬರುವುದಿಲ್ಲ ಎಂದಳು.

ಕರುಳಿಗೆ ದಿನವೂ ಹೊರಗಿನ ವಸ್ತುವೇ ಬರುತ್ತದೆ. ರೋಗಾಣುವಿನ ಮೇಲೆ ಬೀಳಬೇಕು, ಆಹಾರವನ್ನು ಸಹಿಸಬೇಕು. ಈ ವಿವೇಕವನ್ನು ಅದು ಕಲಿತಿರುತ್ತದೆ. ಇವಳ ಕರುಳು ಗೋಧಿಯನ್ನು ಶತ್ರುವೆಂದು ಹಿಡಿದಿತ್ತು. ಪ್ರತಿ ತುತ್ತಿಗೂ ರಕ್ತದ ಕಾವಲು ಕಣಗಳು ನುಗ್ಗಿ ಉರಿಯೂತ ಎಬ್ಬಿಸುತ್ತಿದ್ದವು. ಸಾಯುತ್ತಿದ್ದುದು ಗೋಧಿಯಲ್ಲ, ಆಹಾರ ಹೀರುವ ಅವಳದೇ ಒಳಪದರ ಸವೆದು ಬೋಳಾಗುತ್ತಿತ್ತು.

ಗೋಧಿ ಬಿಡಿಸಿ ಜೋಳದ ಗಂಜಿ ಕೊಡಿಸಿದೆ. ಮೂರು ವಾರಕ್ಕೆ ಎದ್ದು ಕುಳಿತಳು. ಅಷ್ಟರಲ್ಲಿ ಅತ್ತೆಯಿಂದ ಡಬ್ಬಿಗಳ ಸಂಗತಿ ಕೇಳಿ ತಿಳಿದಿದ್ದೆ. ಆಗ ಅವಳಿಗೆ ವಿಷಯ ತಿಳಿಸಿದೆ.

“ಅತ್ತಿ ಏನ್ ತಿಂತಿದ್ದಳ್ರಿ ಹಂಗಾದ್ರ?”

“ಹುಳ ಹಿಡಿದ ಜೋಳ. ಗೋಧಿ ಎಲ್ಲಾ ನಿನಗ ಇಟ್ಟಿದ್ದಳು.”

“ಅತ್ತಿ ಕೈ ಕೂಡ್ತದೇನ್ರಿ?”

“ಕೂಡ್ತದ. ರೊಟ್ಟಿ ಬಡಿಲಿಕ್ಕೆ ಬರೂದಿಲ್ಲ.”

ಮರುವರ್ಷ ಔರಾದಿಗೆ ಹೋದವಳು ಅವರೂರಾದ ಡಾಬಕಾಕ್ಕೂ ಹೋದೆ. ಜಿಜಾಬಾಯಿ ಮೈ ತುಂಬಿಕೊಂಡಿದ್ದಳು, ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊದಲನೆಯದನ್ನು ಅತ್ತೆಯ ಮುಂದಿಟ್ಟಳು. ಕೇಶರಬಾಯಿ ಅದನ್ನು ಎಡಗೈಯಿಂದ ಮುರಿದು ಅರ್ಧ ಹಿಂದಕ್ಕೆ ತಳ್ಳಿದಳು.

“ಮೊದಲ ನೀ ತಿನ್ನು.”

ಜಿಜಾಬಾಯಿ ತಿಂದಳು. ಅವಳು ನುಂಗಿದ ಮೇಲೆಯೇ ಅತ್ತೆ ತನ್ನ ಅರ್ಧವನ್ನು ಬಾಯಿಗಿಟ್ಟಳು.